ರಸಮಟ್ಟ

ಗ್ರಿಮ್ಸ್‌ಬಿಯಲ್ಲಿ ಬೆಳಗಿನ ಆರೂವರೆ. ಸೂಪರ್‌ಮಾರ್ಕೆಟ್ಟಿನ
ಕಾರ್ ಪಾರ್ಕಿನ ಮೂಲೆಗೆ ಲಾರಿ ಹಿಂದೆ ಸರಿಸಿ
ನಾಲ್ಕು ಮೂಲೆಗೂ ಜಾಕ್ ಕೊಡುತ್ತೇನೆ.
ಒಳಗಿನ ಯಂತ್ರಕ್ಕೆ ನೆಲ ಕೂದಲೆಳೆ ವಾಲಿದರೂ ಆಗದು.
ರಸಮಟ್ಟದ ಗುಳ್ಳೆ ನಡುಗೆರೆಗೆ ಬಂದು ನಿಂತರೆ
ನನ್ನ ಕೆಲಸ ಮುಗಿಯಿತು. ಉಳಿದದ್ದು ಇಫೆಯೋಮಳದು.

ಎಂಟಕ್ಕೆ ಬರತೊಡಗುತ್ತಾರೆ,
ಒಂದು ಕೈಲಿ ಆಸ್ಪತ್ರೆಯ ಕಾಗದ, ಇನ್ನೊಂದರಲ್ಲಿ ಖಾಲಿ ಚೀಲ,
ಹಾಲು ಬ್ರೆಡ್ಡಿಗೆಂದೇ ಬಂದವರ ಹಾಗೆ.
ಯಾರಿಗೂ ಏನೂ ಆಗಿಲ್ಲ. ಕೆಮ್ಮು? ಅದು ಇದ್ದದ್ದೇ.

ದಿನಕ್ಕೆಷ್ಟು ಸೇದುತ್ತೀರಿ? ಎಷ್ಟು ವರ್ಷ?
ಗುಣಾಕಾರ ಬಂದರೆ ಎಲ್ಲರೂ ಸ್ವಲ್ಪ ಸುಳ್ಳು.
ಗ್ಲೆನಿಸ್ ಥ್ರಸೆಲ್ ಮಾತ್ರ:
"ಹದಿನಾಲ್ಕಕ್ಕೆ ಶುರು. ದಿನಕ್ಕೊಂದು ಪ್ಯಾಕು.
ಅದರ ಮೇಲೆ ಮೂವತ್ತೊಂದು ವರ್ಷ ಮೀನಿನ ಹೊಗೆಮನೆ,
ಹ್ಯಾಡಕ್ ನೇತುಹಾಕುತ್ತಿದ್ದೆ. ಅದನ್ನೂ ಬರೆದುಕೋ ತಾಯಿ,
ಒಳಗೆ ನಾನೂ ಅದೇ ಬಣ್ಣಕ್ಕೆ ತಿರುಗಿರಬೇಕು."
ಫಾರಮಿನಲ್ಲಿ ಅದಕ್ಕೆ ಚೌಕವಿರಲಿಲ್ಲ.

ನನ್ನ ಕ್ಯಾಬಿನ್ನಿನ ಗೋಡೆ ತೆಳು. ಯಂತ್ರದ ದನಿ ದಿನವಿಡೀ:
ಉಸಿರು ಎಳೆದುಕೊಳ್ಳಿ.
ಹಿಡಿದುಕೊಳ್ಳಿ.
ನನಗರಿವಿಲ್ಲದೆ ನಾನೂ ಹಿಡಿಯುತ್ತೇನೆ, ದಿನಕ್ಕೆ ನಲವತ್ತು ಸಲ,
ಬಾಯಲ್ಲಿ ಸ್ಯಾಂಡ್‌ವಿಚ್ ಇದ್ದರೂ.
ಬಿಡಿ.
ಹೊರಗೆ ಟ್ರಾಲಿಗಳು ಒಂದರೊಳಗೊಂದು ನುಗ್ಗುವ ಸದ್ದು.

ಇಳಿದು ಬಂದವಳು ನನ್ನ ಹತ್ತಿರ ಬೆಂಕಿ ಕೇಳಿದಳು.
ಜೇಬಿನಲ್ಲಿತ್ತು. ಇಲ್ಲ ಎಂದೆ.
ನನ್ನ ಹಳದಿ ಬೆರಳು ನೋಡಿ ನಕ್ಕಳು.
"ಮಗಳಿಗೆ ಮಾತ್ರ ಉಸಿರಬೇಡ. ಅಲ್ಲೇ, ಒಳಗೆ,
ಮೀನಿನ ಕೌಂಟರಿನಲ್ಲಿದ್ದಾಳೆ."

ಮೂರು ವಾರಕ್ಕೆ ಕಾಗದ. ಲಾರಿಯ ಮೆಟ್ಟಿಲ ಮೇಲೆ ಕೂತು
ಸಾಮಾನಿನ ಪಟ್ಟಿಯಂತೆ ಓದಿ ಹೇಳಿದಳು:
ಎಡಗಡೆ, ಮೇಲೆ, ಆರು ಮಿಲಿಮೀಟರಿನ ಚುಕ್ಕೆ.
ಏನೂ ಅಲ್ಲದಿರಬಹುದು. ಮೂರು ತಿಂಗಳಿಗೆ ಮತ್ತೆ ಬನ್ನಿ.
"ಬಟಾಣಿಗಿಂತ ಚಿಕ್ಕದು ಮಾರಾಯ,
ಮನೆ ತುಂಬ ಅದೇ ಉರುಳಾಡುತ್ತಿದೆ."

ಇಂದು ಫೆಬ್ರವರಿ. ಡಾಂಬರಿನ ಮೇಲೆ ಮಂಜುಗಡ್ಡೆ,
ಗುಳ್ಳೆ ನಡುವಿಗೆ ಬರಲೊಲ್ಲದು. ಮೂರು ಸಲ ಇಳಿದು,
ಮೂರು ಸಲ ಏರಿಸಿದೆ, ಇಷ್ಟು ಹೊತ್ತು ಯಾವತ್ತೂ ಹಿಡಿದಿರಲಿಲ್ಲ.
(ಮುಂದಿನ ತಿಂಗಳು ನನಗೂ ಐವತ್ತೈದು.
ಕಾಗದ ಬರುತ್ತದೆ.)

ಗ್ಲೆನಿಸ್ ಒಳಗಿದ್ದಾಳೆ.
ಎಳೆದುಕೊಳ್ಳಿ. ಹಿಡಿದುಕೊಳ್ಳಿ.
ಮೆಟ್ಟಿಲ ಕೆಳಗೆ ಬಿಳಿ ಏಪ್ರನ್ನಿನ ಹೆಂಗಸೊಬ್ಬಳು ನಿಂತಿದ್ದಾಳೆ,
ಕೋಟಿಲ್ಲ, ಕೈಗವಸಿಗೆ ಇನ್ನೂ ಐಸಿನ ಚೂರು.
ಉಸಿರಿದ್ದು ನಾನೇ.