ಇತರೆ

ಕಲಬುರಗಿಯ ಕೋರ್ಟ್ ರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ.
ಮೇ ತಿಂಗಳ ಕೊನೆಗೆ
ಮೇಲೆ ತಗಡು ಕಾಯುತ್ತದೆ, ಕೆಳಗೆ ಮಶೀನು,
ನಡುವೆ ಹುಡುಗ ಹುಡುಗಿಯರ ಪಾಳಿ.
ಗಾಜಿನ ಮೇಲೆ ಅಂಕಪಟ್ಟಿ ಬೋರಲು ಹಾಕುತ್ತೇನೆ,
ಹಸಿರು ಬೆಳಕು ಅದರ ಹೊಟ್ಟೆ ಸವರಿ ಹೋಗುತ್ತದೆ.

ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಇಷ್ಟು:
ನಮ್ಮ ಕಡೆ ಎಲ್ಲರೂ ಜೂನ್ ಒಂದಕ್ಕೇ ಹುಟ್ಟುತ್ತಾರೆ.
ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ
ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು.
ನನ್ನದೂ ಅದೇ.

ಚಂದಮ್ಮ, ತಂದೆ ಭೀಮಶಾ,
ಊರು ಹಿರೋಳಿ, ಸದ್ಯ ವಾಸ ದಾಲ್ ಮಿಲ್ ಹಿಂದಿನ ಓಣಿ.
ಎಂ.ಎಸ್ಸಿ., ಭೂಗರ್ಭಶಾಸ್ತ್ರ. ಕಲ್ಲಿನ ಓದು.
ಶಾಲೆಯ ದಾಖಲೆಯಲ್ಲಿ ಚಂದಮ್ಮ, ಆಧಾರಿನಲ್ಲಿ ಚಂದ್ರಮ್ಮ,
ಜಾತಿ ಪ್ರಮಾಣಪತ್ರದಲ್ಲಿ ಚೆಂದಮ್ಮ.
ಮೂವರೂ ಒಬ್ಬಳೇ ಎಂದು
ಛಾಪಾಕಾಗದದ ಮೇಲೆ ನೋಟರಿ ಆಣೆ ಮಾಡಿಸಿದ್ದ.

“ಅಕ್ಕಾ, ಜರ್ಮನಿದು ಒಂದು ಅರ್ಜಿ ಅದ,
ನಿಮ್ಮ ಕಂಪ್ಯೂಟರಿನ್ಯಾಗ ತುಂಬಲೇನು?”
ತುಂಬವ್ವ, ಅಂದೆ.

ಶುಲ್ಕ ಎಪ್ಪತ್ತೈದು ಯೂರೋ.
ಆಕೆ ಮನಸ್ಸಿನಲ್ಲಿ ಗುಣಿಸಿದ್ದು ತುಟಿಯ ಮೇಲೆ ಕಂಡಿತು:
ಅವ್ವನ ಇಪ್ಪತ್ತೈದು ಹಾಜರಿ,
ಆದಿತವಾರ ಬಿಟ್ಟು.
ಅವ್ವ ಪಕ್ಕದಲ್ಲೇ ನಿಂತಿದ್ದಳು, ಮಿಲ್ಲಿನಿಂದ ನೇರ ಬಂದವಳು,
ಸೆರಗಿನ ತುಂಬ ತೊಗರಿ ಹಿಟ್ಟು,
ಪರದೆಯನ್ನು ನೋಡುತ್ತಿದ್ದಳು,
ಬೇರೆಯವರ ಮನೆಯ ಕಿಟಕಿ ನೋಡಿದ ಹಾಗೆ.

ನಾಲ್ಕನೇ ಪುಟದಲ್ಲಿ ಕೇಳಿದರು:
ತಾಯಿಯ ಅತ್ಯುನ್ನತ ವಿದ್ಯಾರ್ಹತೆ?
ಒತ್ತಿದರೆ ಪಟ್ಟಿ ಇಳಿಯಿತು:
ಡಾಕ್ಟರೇಟ್, ಸ್ನಾತಕೋತ್ತರ, ಪದವಿ,
ವೃತ್ತಿ ತರಬೇತಿ, ಪ್ರೌಢಶಾಲೆ.
ಅಲ್ಲಿಗೆ ಮೆಟ್ಟಿಲು ಮುಗಿದವು.
ನೆಲ ಇನ್ನೂ ಕೆಳಗಿತ್ತು.

“ಅಕ್ಕಾ, ನಮ್ಮವ್ವಗ ಇದರಾಗ ಜಾಗಾನೇ ಇಲ್ಲಲ್ಲ.”
ತೀರ ಕೆಳಗೆ ಒಂದಿತ್ತು, ಇತರೆ.
ಒತ್ತಿದಳು. ವಿವರಿಸಿ, ಅಂತ ಒಂದು ಸಣ್ಣ ಡಬ್ಬಿ ತೆರೆಯಿತು,
ನಲವತ್ತು ಅಕ್ಷರ ಮೀರಬಾರದು.
ಆಕೆ ಬಹಳ ಹೊತ್ತು ಸುಮ್ಮನಿದ್ದಳು.
ಪಾಳಿಯಲ್ಲಿದ್ದ ಹುಡುಗನೊಬ್ಬ ಬಸ್ ಹೊಂಟದ ಅಂದ.
ಆಮೇಲೆ ಕನ್ನಡದಲ್ಲೇ ಒತ್ತಿದಳು:
ಬೇಳೆಯೊಳಗಿನ ಕಲ್ಲು ಗುರುತಿಸಬಲ್ಲಳು.
ಡಬ್ಬಿ ಕೆಂಪಾಯಿತು. ಅಮಾನ್ಯ ಅಕ್ಷರಗಳು.

ಅವ್ವ ಮುಂದೆ ಬಾಗಿದಳು.
ಅರಿಶಿನ ಹಿಡಿದಂಥ ಬೆರಳನ್ನು ಪರದೆಗೆ ಹಚ್ಚಿ
ಮೇಲಿಂದ ಕೆಳಗೆ ಮೆಲ್ಲಗೆ ಸರಿಸಿದಳು,
ಮರದಲ್ಲಿ ಕಾಳು ಸರಿಸುವ ಹಾಗೆ.
“ಎಲ್ಲ್ಯದ ತೋರಿಸು ಮಗಳ, ಕಲ್ಲು.
ನಾ ತೆಗೀತೀನಿ.”

ನಾವಿಬ್ಬರೂ ಏನೂ ಹೇಳಲಿಲ್ಲ.
ಅಷ್ಟರಲ್ಲಿ ಕರೆಂಟ್ ಹೋಯಿತು,
ಮಶೀನಿನ ಬಾಯಲ್ಲಿ ಆಕೆಯ ಪದವಿ ಪತ್ರದ ನಕಲು
ಅರ್ಧ ಹೊರಗೆ, ಅರ್ಧ ಒಳಗೆ, ಬಿಸಿಬಿಸಿ.
ಎಳೆಯಬೇಡ, ಹರೀತದ, ಅಂದೆ.
ಬರೋತನಕ ಕೂಡ್ರಿ, ಅಂದೆ.
ಇದ್ದದ್ದು ಒಂದೇ ಸ್ಟೂಲು.
ಅವ್ವ ಅದನ್ನು ಮಗಳ ಕಡೆ ನೂಕಿ
ತಾನು ಹೊಸ್ತಿಲ ಮೇಲೆ ಕುಂತು
ಸೆರಗು ಝಾಡಿಸಿಕೊಂಡಳು.