ಎಂಟನೆಯ ಅಕ್ಷರ

ಬೆಲ್‌ಫಾಸ್ಟಿನಲ್ಲಿ ಒಂದು ಅಕ್ಷರವಿದೆ,
ಇಂಗ್ಲಿಷಿನ ಎಂಟನೆಯದು.
ಈ ಬೀದಿಯವರು ಅದನ್ನು ಏಚ್ ಅನ್ನುತ್ತಾರೆ,
ಆ ಬೀದಿಯವರು ಹೇಚ್.
ನಡುವೆ ಇರುವುದು ಒಂದು ಉಸಿರು,
ಕನ್ನಡಿಯ ಮೇಲೆ ಬಿಟ್ಟರೆ ಮಂಜೂ ಕಟ್ಟದಷ್ಟು.
ನಾನು ಚಿಕ್ಕವಳಿದ್ದಾಗ, ರಾತ್ರಿ ಗಾಡಿ ತಡೆದವರು
ಅಕ್ಷರಮಾಲೆ ಒಪ್ಪಿಸು ಎನ್ನುತ್ತಿದ್ದರಂತೆ.
ಜೀ ಬರುವವರೆಗೆ ಎಲ್ಲರೂ ನೆಂಟರೇ.
ಆಮೇಲಿನ ಆ ಒಂದು ಪ್ರಾಣಕ್ಕೆ
ಪ್ರಾಣ ಹೋದವರುಂಟು.

ನಾನು ಕಿವಿ ಪರೀಕ್ಷಿಸುವವಳು.
ಹತ್ತೊಂಬತ್ತು ವರ್ಷದಿಂದ ಗಾಜಿನ ಗೂಡಿನ ಈಚೆ ಕೂತು
ಸದ್ದು ಬಂದರೆ ಗುಂಡಿ ಒತ್ತಿ ಎನ್ನುತ್ತಿದ್ದೇನೆ.
ಯಾರದಾದರೂ ಹೆಸರು ಬಿಡಿಸಿ ಹೇಳಬೇಕಾದಾಗ
'ಎಂಟನೆಯದು' ಅಂದುಬಿಡುತ್ತೇನೆ.
ನಗುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ.

ವಿಲ್ಬರ್ಟ್ ಗಿಲ್ಮೋರ್ ಬಂದಾಗ ಎಪ್ಪತ್ತೆಂಟು.
ಬಲಗಿವಿ ಹಡಗುಕಟ್ಟೆಗೆ ಕೊಟ್ಟೆ, ಅಂದ.
ಎಡಗಿವಿಯನ್ನು ಎಪ್ಪತ್ತನಾಲ್ಕರಲ್ಲಿ
ನಿಲ್ಲಿಸಿಟ್ಟ ಒಂದು ಕಾರು ತಗೊಂಡಿತು.
ಯಾರ ಕಾರು, ನಾನು ಕೇಳಲಿಲ್ಲ.
ಇಲ್ಲಿ ಬೀದಿಯ ಹೆಸರು ಹೇಳಿದರೆ ಸಾಕು,
ಮಿಕ್ಕ ಕತೆ ತಾನೇ ನಡೆದು ಬರುತ್ತದೆ.

ಮುಪ್ಪಿನ ಕಿವಿಯಲ್ಲಿ ಮೊದಲು ಸಾಯುವುದು
ದೊಡ್ಡ ಸದ್ದಲ್ಲ, ಸಣ್ಣ ಉಸಿರು:
ಸ, ಫ, ಹ.
ಜುಲೈ ಮೆರವಣಿಗೆಯ ಡೋಲು ಕೇಳುತ್ತದೆ,
ಹೆಂಡತಿಯ ಪಿಸುಮಾತು ಕೇಳುವುದಿಲ್ಲ.

ಆಕೆಗೆ ಡಯಾಲಿಸಿಸ್: ಮಂಗಳ, ಗುರು, ಶನಿ.
ಹೊರಗೆ ಕಾರಿಡಾರಿನಲ್ಲಿ ಇನ್ನೊಬ್ಬಾಕೆಯ ಗಂಡ, ಹ್ಯೂ.
ಎರಡೂ ಕಡೆಯವರು ಇಟ್ಟುಕೊಳ್ಳುವ ಹೆಸರು,
ಕೈಗಳನ್ನು ಜೇಬಿನಲ್ಲೇ ಇಟ್ಟುಕೊಂಡ ಹೆಸರು.
ಎರಡು ಚಳಿಗಾಲ ಇಬ್ಬರೂ ಡ್ರಾಫ್ಟ್ಸ್ ಆಡಿದರು.
ಒಂದು ಬಿಳಿ ಬಿಲ್ಲೆ ಕಳೆದಿತ್ತು,
ಅದರ ಜಾಗಕ್ಕೆ ಕೆಮ್ಮಿನ ಮಾತ್ರೆ.
ಹ್ಯೂ ಏನೇನೋ ಹೇಳುತ್ತಿದ್ದ,
ವಿಲ್ಬರ್ಟ್ ತಲೆಯಾಡಿಸುತ್ತಿದ್ದ.
ಒಳ್ಳೆ ಮನುಷ್ಯ, ಅಂದಿದ್ದ ನನ್ನ ಹತ್ತಿರ,
ವಾದ ಅಂತ ಮಾಡುವುದೇ ಇಲ್ಲ.

ಸೋಮವಾರ ಯಂತ್ರ ಹಾಕಿ ಕಳಿಸಿದೆ.
ಬುಧವಾರ ವಾಪಸು ಬಂದ.
ಕರವಸ್ತ್ರ ಬಿಚ್ಚಿ ಎರಡನ್ನೂ ಮೇಜಿನ ಮೇಲಿಟ್ಟ,
ಸತ್ತ ಜೇನುಹುಳುಗಳನ್ನು ಇಟ್ಟ ಹಾಗೆ.
"ಇದರಲ್ಲಿ ಬೇಡದ್ದೊಂದು ಸದ್ದು ಬರುತ್ತದೆ."
ಸಿಳ್ಳೆಯಾ? ಗುಂಯ್ ಅಂತಲಾ?
ಅಲ್ಲ. ನಿನ್ನೆ ಹೊಸ ನರ್ಸು ಚೀಟಿ ಬರೆಯುವಾಗ
ಹ್ಯೂ ತನ್ನ ಹೆಸರು ಬಿಡಿಸಿ ಹೇಳಿದ.
ಹೇಚ್. ಯೂ. ಜೀ.
ಹೇಚ್.
"ಎರಡು ಸಲ," ಅಂದ ವಿಲ್ಬರ್ಟ್,
ಬೆರಳು ಮಡಿಸಿ ತೋರಿಸಿ, "ಎರಡು ಸಲ."

ಕೇಳಿಸಿತು; ಏನನ್ನೂ ಕೇಳಲಿಲ್ಲ.
ಆಟ ಅರ್ಧಕ್ಕೆ ಬಿಟ್ಟು ಎದ್ದು ಹೋದನಂತೆ.

ಬುದ್ಧಿ ಹೇಳುವುದು ನನ್ನ ಕೆಲಸವಲ್ಲ.
ತಗ್ಗಿಸಬಲ್ಲೆ, ಅಂದೆ,
ಆ ಹಕಾರ ಅಳಿಸಿಹೋಗುವಷ್ಟು.
ಅದರ ಜೊತೆ ಪಿಸುಮಾತೂ ಹೋಗುತ್ತದೆ, ಹಕ್ಕಿಗಳೂ.
ಎಲ್ಲಕ್ಕೂ ಇರುವುದು ಒಂದೇ ತಿರುಪು.

ಬಹಳ ಹೊತ್ತು ಕೂತಿದ್ದ.
ಕೋಟಿನ ಗುಂಡಿ ತಪ್ಪು ತೂತಿಗೆ ಹಾಕಿಕೊಂಡ.
ಬಾಗಿಲ ಹತ್ತಿರ ನಿಂತು, ನನ್ನನ್ನು ನೋಡದೆ ಅಂದ:
"ಹ್ಯೂನ ಕಿವಿ ಚೆನ್ನಾಗಿದೆ ಅಲ್ಲವಾ.
ನನ್ನ ಅಕ್ಷರ ಅವನಿಗೆ ಮೊದಲ ದಿನವೇ ಕೇಳಿಸಿರಬೇಕು."
ವಾಪಸು ಬಂದು ಜೇನುಹುಳುಗಳನ್ನು ಎತ್ತಿಕೊಂಡ.

ತಿಂಗಳ ಮೇಲೆ ಬ್ಯಾಟರಿಗೆ ಬಂದ.
ಹೇಗಿದೆ ಆಟ?
"ಆಟವೆಲ್ಲಿ, ಬರೀ ಜಗಳ.
ಗಡಿ, ಬಾವುಟ, ಹೋದ ಸಲದ ಓಟು.
ಎರಡು ವರ್ಷ ಅವನು ಹೇಳಿದ್ದೂ ಇದನ್ನೇ ಅಂತೆ,
ನಾನು ಎಲ್ಲದಕ್ಕೂ ಹೂಂ ಅಂದಿದ್ದೆನಂತೆ!
ಈಗ ಒಂದೊಂದನ್ನೇ ವಾಪಸು ತಗೊಳ್ಳುತ್ತಿದ್ದೇನೆ."

ಮತ್ತೆ, ಸೋತದ್ದು ಯಾರು?

"ಯಾರಿಗೆ ಗೊತ್ತು.
ಮಾತಾಡಿ ಮಾತಾಡಿ ಅವನ ಗಂಟಲು ಕಟ್ಟಿತು,
ನನ್ನ ಬಿಳಿ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡ."