ಕೊರಳಿನ ಲೆಕ್ಕ

ಊರವರ ಪಾಪಗಳ ಲೆಕ್ಕ ಪಾದ್ರಿಯ ಬಳಿ ಇತ್ತು,
ಕೊರಳುಗಳ ಲೆಕ್ಕ ನನ್ನ ಬಳಿ.
ಕಪ್ಪು ಮಖಮಲ್ಲಿನ ಪಟ್ಟಿ, ಹಿಂದೆ ಬೆಳ್ಳಿಯ ಕೊಂಡಿ:
ಮದುವೆಗೆ ಮೊದಲು ಪ್ರತಿ ಹುಡುಗಿಯೂ
ಈ ಮೆಂಗಾಳ ಕಿಟಕಿಯ ಪಕ್ಕ ಕೂತು ಗದ್ದ ಎತ್ತಿದವಳೇ.

ಬ್ರಿಡಾ, ಹದಿನೇಳರಲ್ಲಿ: ಒಂದೂವರೆ ಗೇಣು.
ಅದೇ ಬ್ರಿಡಾ, ಮೂರು ಹೆತ್ತ ಮೇಲೆ: ಎರಡು ಗೇಣು ತುಂಬಿತ್ತು.
ಅವಳ ಅತ್ತೆಗೆ ಎರಡು ಪಟ್ಟಿ ಜೋಡಿಸಬೇಕಾಯಿತು,
ಹೊಲಿಗೆ ಕಾಣದಂತೆ ಮೇಲೆ ಮಣಿ ಪೋಣಿಸಿದೆ.
ಯಾರೂ ಅದನ್ನು ರೋಗ ಅನ್ನುತ್ತಿರಲಿಲ್ಲ.
ಕಣಿವೆಯಾಚೆಯಿಂದ ಬಂದ ಮಗುವನ್ನು ನೋಡಿ
"ಪಾಪ, ಕೊಕ್ಕರೆ ಕತ್ತು" ಅಂತ ನಾವೇ ಮರುಗುತ್ತಿದ್ದೆವು.

ನೀರೇ? ನೀರಿನ ಮೇಲೆ ಆಣೆ ಇಡುತ್ತಿದ್ದೆವು ನಾವು.
ಹಿಮನದಿಯ ಬುಡದಿಂದ ಲಾರ್ಚ್ ಮರದ ಕೊಳವೆಯಲ್ಲಿ
ಚೌಕದ ತೊಟ್ಟಿಗೆ ಬೀಳುವ ಆಲ್ಪ್ಸಿನ ನೀರು,
ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ.
ಕೂರ್ ಪಟ್ಟಣದಿಂದ ಹತ್ತಿ ಬಂದ ಡಾಕ್ಟರು
ಲೋಟವನ್ನು ಬೆಳಕಿಗೆ ಹಿಡಿದು ಹೇಳಿದರು:
"ಇದರಲ್ಲಿ ಏನೂ ಇಲ್ಲ."
ಹೊಗಳಿದರು ಅಂದುಕೊಂಡೆವು.

ತಳ ಹತ್ತಿದ ಪಾತ್ರೆಯನ್ನು ಕೆರೆದ ಹಾಗೆ
ಹಿಮ ಈ ಬೆಟ್ಟವನ್ನು ಸಾವಿರಾರು ವರ್ಷ ಕೆರೆದಿತ್ತಂತೆ.
ಮಣ್ಣಲ್ಲಿದ್ದ ಅಯೋಡಿನ್ ತೊಳೆದುಹೋಗಿ ಕಡಲು ಸೇರಿತ್ತಂತೆ.
ಹುಟ್ಟಿನಿಂದ ಸಾವಿನವರೆಗೆ ಒಬ್ಬರಿಗೆ ಬೇಕಾದದ್ದು
ಒಂದೇ ಒಂದು ಚಮಚ.
ಕಡಲನ್ನೇ ಕಾಣದ ನಾವು ಯಾರನ್ನು ಕೇಳಬೇಕಿತ್ತು?

ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರಲ್ಲ,
ನಾವು ನೀರು ಕುಡಿದವರು,
ಉಪ್ಪು ತಿನ್ನಬೇಕಾಯಿತು.

ಹೊಸ ಉಪ್ಪಿನ ಗಾಡಿ ಬಂದ ವರ್ಷ
ಅರ್ಧ ಊರು ಅದನ್ನು ಹಸುಗಳಿಗೆ ಹಾಕಿತು.
ಮರುವರ್ಷ ಕರುಗಳ ಮೈ ಮಿರುಗಿದ್ದು ನೋಡಿ
ಮಕ್ಕಳಿಗೂ ಹಾಕಿತು.

ಎಷ್ಟೋ ಚಳಿಗಾಲ ಕಳೆದು ಬ್ರಿಡಾಳ ಮಗಳು ಬಂದಳು:
"ಅಮ್ಮನ ಪಟ್ಟಿ. ನನಗೆ ಜಾರುತ್ತದೆ."
ಕತ್ತರಿಸಿದೆ. ಮೊದಲ ಸಲ
ನನ್ನ ಕೈಯಲ್ಲಿ ಮಖಮಲ್ಲು ಮಿಕ್ಕಿತು.
ಈಗ ಹುಡುಗಿಯರು ಹಬ್ಬಕ್ಕೆ ಬರಿಗೊರಳಲ್ಲಿ ಹೋಗುತ್ತಾರೆ.
ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು.
ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂತಿದ್ದೇನೆ.

ಲೆಕ್ಕದಲ್ಲಿ ಬರೆಯದ ಕೊರಳು ಒಂದಿದೆ.
ನನ್ನ ತಮ್ಮ ಫ್ಲುರಿನ್. ನಲವತ್ತೊಂದು ವರ್ಷ,
ಎತ್ತರ ನನ್ನ ಸೊಂಟಕ್ಕಿಂತ ತುಸು ಮೇಲೆ. ಮಾತಿಲ್ಲ, ಕಿವಿಯಿಲ್ಲ.
ಅವನು ಹೊಟ್ಟೆಯಲ್ಲಿದ್ದಾಗ ಅಮ್ಮ ಕುಡಿದದ್ದು
ಅದೇ ತೊಟ್ಟಿಯ ನೀರು.
"ಇವನಿಗೆ ತಡವಾಯಿತು" ಅಂದರು ಡಾಕ್ಟರು,
ಅನ್ನುವ ಮೊದಲು ಟೋಪಿ ತೆಗೆದರು.

ಆದರೂ ರಾತ್ರಿ, ಸೂಪಿಗೆ ಹಾಕುವ ಮುಂಚೆ
ಅವನ ಅಂಗೈಗೆ ನಾಲ್ಕು ಹರಳು ಇಡುತ್ತೇನೆ.
ನೆಕ್ಕುತ್ತಾನೆ, ಕಣ್ಣು ಮುಚ್ಚುತ್ತಾನೆ,
ಆಮೇಲೆ ಇನ್ನೊಂದು ಕೈ ಚಾಚುತ್ತಾನೆ.
ಹೊರಗೆ ತೊಟ್ಟಿಗೆ ನೀರು ಬೀಳುವ ಸದ್ದು.
ಅವನಿಗದು ಯಾವತ್ತೂ ಕೇಳಿಸಿದ್ದಿಲ್ಲ.